ನಾಲ್ಕನೆಯ ವಾಲ್ವು

ಮೊನ್ನೆ ಬೀದರದ ಮೈಲೂರು ಬಡಾವಣೆಯ ನಮ್ಮ ಮನೆಯ ಟಿವಿ ಮೂಕಾಯಿತು. ಚಿತ್ರ ಬರುತ್ತದೆ, ದನಿ ಇಲ್ಲ. ವಾರ್ತೆ ಓದುವವಳು ಸುಮ್ಮನೆ ಬಾಯಿ ಆಡಿಸುತ್ತಾಳೆ, ಏನು ಹೇಳುತ್ತಾಳೋ ದೇವರಿಗೇ ಗೊತ್ತು. ಸೊಸೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದಳು. ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಕೈ ಪಳಗಿದ ಮನುಷ್ಯ. ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಮುಚ್ಚಿದರು.

“ಅಂಗಡಿಗೆ ಒಯ್ಯಬೇಕಾಗ್ತದರಿ ಕಾಕಾ. ಎರಡು ದಿನದಾಗ ತಂದು ಕೊಡ್ತೇನಿ.”

“ಒಯ್ಯಂಗಿಲ್ಲ!”

ಎಷ್ಟು ಜೋರಾಗಿ ಕೂಗಿದೆನೆಂದರೆ ಸೊಸೆ ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು.

“ಮಾಮಾ, ಅವ್ರು ದಿನಾ ಮಾಡೋ ಕೆಲಸ ಅದು. ಒಯ್ಲಿ ಬಿಡ್ರಿ.”

“ಏನು ಮಾಡೋದದ ಇಲ್ಲೇ ಮಾಡ್ಲಿ. ನನ್ನ ಕಣ್ಣ ಮುಂದ ಮಾಡ್ಲಿ.”

ಮೆಕ್ಯಾನಿಕ್ಕಿನ ಮುಖ ಸಣ್ಣದಾಯಿತು. “ನಾ ಏನು ಕಳ್ಳ ಅಲ್ರಿ ಕಾಕಾ.”

“ಗೊತ್ತದಪ್ಪ. ನಾನೂ ಕಳ್ಳ ಇದ್ದಿಲ್ಲ.”

ಮುದುಕನಿಗೆ ಅರಳು ಮರಳು ಅಂದುಕೊಂಡಿರಬೇಕು. ಸೊಸೆಯ ಕಡೆ ಒಮ್ಮೆ ನೋಡಿ, ನೆಲದ ಮೇಲೆ ಪೇಪರು ಹಾಸಿ ಕುಳಿತು, ಚೀಲ ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಬೆಸುಗೆಯ ಹೊಗೆ ಎದ್ದಿತು. ಕಾದ ಕಬ್ಬಿಣಕ್ಕೆ ರಾಳ ತಾಗಿದಾಗ ಬರುವ ವಾಸನೆ ಅದು, ಅರ್ಧ ಊದಿನಕಡ್ಡಿ ಅರ್ಧ ಸುಟ್ಟ ಬೆಲ್ಲ. ನನ್ನ ರೇಡಿಯೊ ಅಂಗಡಿ ಮುಚ್ಚಿದ ಮೇಲೆ ನಾನು ಆ ವಾಸನೆಯಿಂದ ದೂರವೇ ಇದ್ದೆ. ಮೂಗಿಗೆ ಬಿದ್ದದ್ದೇ ತಡ, ನಿಜಾಮರ ರಾಜ್ಯದ ಕೊನೆಯ ಮಳೆಗಾಲ ಕಣ್ಣ ಮುಂದೆ ಬಂದು ನಿಂತಿತು. ಬರಬೇಡ ಅಂದರೆ ಕೇಳುವ ಪೈಕಿ ಅಲ್ಲ ಅದು.

ಆಗ ನನಗೆ ಇಪ್ಪತ್ನಾಲ್ಕು. ಊರು ಮನ್ನಳ್ಳಿ, ಹೊಲ ಅಣ್ಣನ ಪಾಲಿಗೆ, ಹುಚ್ಚು ನನ್ನ ಪಾಲಿಗೆ. ಹೈದರಾಬಾದಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಮೂರು ವರ್ಷ ರೇಡಿಯೊ ರಿಪೇರಿ ಕಲಿತು ಬಂದು, ಬೀದರದ ಚೌಬಾರ ಗೋಪುರದ ಹಿಂದಿನ ಗಲ್ಲಿಯಲ್ಲಿ ಅಂಗಡಿ ಇಟ್ಟಿದ್ದೆ. ಇಡೀ ಜಿಲ್ಲೆಯಲ್ಲಿ ಎಷ್ಟು ಸೆಟ್ಟುಗಳಿದ್ದವು, ಯಾರ ಮನೆಯದಕ್ಕೆ ಯಾವ ರೋಗ, ಎಲ್ಲ ನನಗೆ ಬಾಯಿಪಾಠ. ಹೆಚ್ಚಿನವು ಬ್ಯಾಟರಿ ಸೆಟ್ಟುಗಳು. ಒಳಗೆ ಬೆರಳುದ್ದದ ಗಾಜಿನ ವಾಲ್ವುಗಳು, ಸಣ್ಣಗೆ ಕೆಂಪಾಗಿ ಉರಿಯುತ್ತಿದ್ದವು. ಒಂದು ಸುಟ್ಟಿತೆಂದರೆ ಸೆಟ್ಟು ಬರೀ ಕಟ್ಟಿಗೆ ಪೆಟ್ಟಿಗೆ.

ಈ ಕಸುಬಿನಲ್ಲಿ ಎರಡು ದಾರಿ. ಒಂದು ಮನೆಗೆ ಹೋಗಿ ಮಾಡುವುದು, ಇನ್ನೊಂದು ಅಂಗಡಿಗೆ ತರಿಸಿ ಮಾಡುವುದು. ಉಸ್ತಾದರು ಮೊದಲನೆಯದರ ಪಕ್ಷ. ಮಾಲಕರ ಕಣ್ಣ ಮುಂದೆ ಬಿಚ್ಚಬೇಕು, ಅವರ ಕಣ್ಣ ಮುಂದೆ ಮುಚ್ಚಬೇಕು, ಸುಟ್ಟ ವಾಲ್ವನ್ನು ಅವರ ಕೈಗೇ ಕೊಟ್ಟು ಏಳಬೇಕು ಎನ್ನುತ್ತಿದ್ದರು. ಸುಟ್ಟದ್ದು ಕೊಡುವುದು ನಮ್ಮ ಉಸ್ತಾದರ ಮನೆತನದ ಪದ್ಧತಿ. ನಿಮ್ಮದು ನಿಜವಾಗಿ ಸುಟ್ಟಿತ್ತು, ನಾನು ಕದಿಯಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ನನಗೋ ಮನೆ ರಿಪೇರಿ ಅಂದರೆ ತಲೆನೋವು. ಬೆಳಕಿಲ್ಲದ ಪಡಸಾಲೆ, ಬೆಸುಗೆಯ ಕಬ್ಬಿಣ ಕಾಸಲು ಇದ್ದಿಲು ಕೇಳಿದರೆ ಅಡುಗೆಮನೆಯಲ್ಲಿ ಜಗಳ, ಹೆಗಲ ಮೇಲಿಂದ ಬಗ್ಗಿ ನೋಡುವ ಹತ್ತು ತಲೆ. ಸೋದರಮಾವನೊಬ್ಬ ಬಂದು ಈ ತಂತಿ ಆ ತಂತಿಗೆ ಕೂಡಿಸಿ ನೋಡು ಎನ್ನುತ್ತಾನೆ. ಅಂಗಡಿಯಾದರೆ ಬಾಗಿಲ ಬೆಳಕು, ನನ್ನ ಮೇಜು, ನನ್ನ ಸಮಾಧಾನ. ಆದರೆ ಜನರಿಗೆ ಅಂಗಡಿಯೆಂದರೆ ಅನುಮಾನ. ಒಳ್ಳೆಯದನ್ನು ತೆಗೆದು ಹಳೆಯದನ್ನು ಕೂರಿಸುತ್ತಾರೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಭಾಲ್ಕಿಯ ಇಮಾಮ್ ಮಾಸ್ತರರ ಮನೆಗೆ ಮಾತ್ರ ನಾನು ಖುಷಿಯಿಂದ ಹೋಗುತ್ತಿದ್ದೆ. ನಮ್ಮ ಮನ್ನಳ್ಳಿಯ ಸಾಲೆಯಲ್ಲಿ ನನಗೆ ಅಲಿಫ್ ಬೇ ತಿದ್ದಿಸಿದವರು ಅವರು. ಆಮೇಲೆ ತಮ್ಮ ಊರಿಗೇ ವರ್ಗ ಮಾಡಿಸಿಕೊಂಡರು. ನನಗೆ ಉರ್ದು ಹತ್ತಲಿಲ್ಲ, ತಂತಿ ಹತ್ತಿತು. ಅದನ್ನು ಮೊದಲು ಕಂಡುಹಿಡಿದು, “ಇವನ್ನ ಹೈದರಾಬಾದಿಗೆ ಕಳಿಸ್ರಿ, ಹೊಲದಾಗ ಕೆಟ್ಟು ಹೋಗ್ತಾನ,” ಎಂದು ಅಪ್ಪನಿಗೆ ಹೇಳಿದವರೂ ಅವರೇ. ಮನೆಯಲ್ಲಿ ಮಾಸ್ತರರು, ಅವರ ಹೆಂಡತಿ, ಇಪ್ಪತ್ತು ವರ್ಷದ ಮಗ ಯೂಸುಫ್. ಹೆಂಡತಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಅವರ ಮುಖ ನಾನು ಯಾವತ್ತೂ ನೋಡಲಿಲ್ಲ. ಪರದೆಯ ಆಚೆ ಅವರು, ಈಚೆ ನಾನು, ನಡುವೆ ನಂದಿದ ರೇಡಿಯೊ.

ಆ ಮನೆಯ ಸೆಟ್ಟಿಗೆ ವೈದ್ಯ ನಾನಾದರೂ ನಾಡಿ ಹಿಡಿಯುತ್ತಿದ್ದವರು ಚಾಚಿ. ಕಿವಿ ಅಂದರೆ ಅವರದು. “ಸಂಜೀಗೆ ಹಚ್ಚಿದ್ರ ಮೊದಲ ಸಣ್ಣಗ ಸಿಳ್ಳಿ ಹೊಡೀತದ, ಆಮ್ಯಾಲ ದನಿ ಮೂಗಿನಾಗ ಬರ್ತದ,” ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅವರು ಹೇಳಿದ ಲಕ್ಷಣದಂತೆ ವಾಲ್ವೇ ಹೋಗಿರುತ್ತಿತ್ತು. ಹೊಸದು ಹಾಕಿದಾಗ ಮಾಸ್ತರರು ಕಾಗದದ ಸಣ್ಣ ಚೂರಿನ ಮೇಲೆ ಉರ್ದು ಅಂಕಿಯಲ್ಲಿ ಅದು ಎಷ್ಟನೆಯದೆಂದು ಬರೆದು, ಗೋಂದು ಹಚ್ಚಿ, ವಾಲ್ವಿನ ಬುಡಕ್ಕೆ ಅಂಟಿಸುತ್ತಿದ್ದರು. ಮಾಸ್ತರಿಕೆಯ ಚಟ. ಸುಟ್ಟದ್ದನ್ನು ನಾನು ಪರದೆಯ ಕೆಳಗಿನಿಂದ ಸರಿಸಿದರೆ ಒಂದು ಕೈ ಬಂದು ತೆಗೆದುಕೊಳ್ಳುತ್ತಿತ್ತು. ಚಾಚಿ ಅವನ್ನು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಹತ್ತಿ ಹಾಕಿ ಇಡುತ್ತಿದ್ದರು. ಒಂದು, ಎರಡು, ಮೂರು ಆಗಲೇ ಡಬ್ಬಿ ಸೇರಿದ್ದವು. ನಾಲ್ಕನೆಯದು ಸೆಟ್ಟಿನಲ್ಲಿ ಉರಿಯುತ್ತಿತ್ತು.

“ಸತ್ತದ್ದನ್ನ ಯಾಕ ಇಡ್ತೀರಿ ಚಾಚಿ?” ಎಂದು ಒಮ್ಮೆ ಕೇಳಿದೆ.

“ಇಷ್ಟು ವರ್ಷ ನಮಗ ಖಬರ್ ಹೇಳ್ಯಾವ. ತಿಪ್ಪೀಗೆ ಹ್ಯಾಂಗ ಒಗೀಲಿ?” ಎಂದರು.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹೆಸರು, ಉದ್ದು ಮೊಣಕಾಲೆತ್ತರ ಬೆಳೆದು ನಿಂತಿದ್ದವು, ಕೊಯ್ಯುವುದಕ್ಕೆ ಹೊಲಕ್ಕೆ ಹೋಗಲು ಜನ ಹೆದರುತ್ತಿದ್ದರು. ನಿಜಾಮರ ಪರ ಆಯುಧ ಹಿಡಿದ ರಜಾಕಾರರ ಹೆಸರು ಕೇಳಿದರೆ ಹಳ್ಳಿಗೆ ಹಳ್ಳಿಯೇ ಕದ ಹಾಕಿಕೊಳ್ಳುತ್ತಿತ್ತು. ನಮ್ಮ ಮನ್ನಳ್ಳಿಯ ಹೆಂಗಸರು ಮಕ್ಕಳು ಎಷ್ಟೋ ದಿನ ಜೋಳದ ಹೊಲದಲ್ಲಿ ಕುಳಿತು ಹೊತ್ತು ಕಳೆದರು. ಗಡಿಯಾಚೆಯ ಹಿಂದುಸ್ಥಾನದಿಂದ ಸಾಮಾನು ಬರುವುದು ನಿಂತಿತ್ತು. ಚಿಮಣಿ ಎಣ್ಣೆ ಇಲ್ಲ, ಔಷಧ ಇಲ್ಲ, ನನ್ನ ಪಾಲಿಗೆ ವಾಲ್ವು ಇಲ್ಲ. ಎಲ್ಲರಿಗೂ ಸುದ್ದಿ ಬೇಕಾಗಿತ್ತು, ಸುದ್ದಿ ಹೇಳುವ ಪೆಟ್ಟಿಗೆಗಳು ಒಂದೊಂದಾಗಿ ಬಾಯಿ ಮುಚ್ಚುತ್ತಿದ್ದವು.

ಶ್ರಾವಣದಲ್ಲಿ ಮಾಸ್ತರರ ಕಾರ್ಡು ಬಂತು. ಸೆಟ್ಟು ನಿಂತಿದೆ, ಬಂದು ನೋಡು ಎಂದು. ನಾನು ಹೋಗಲಿಲ್ಲ. ಸ್ಟೇಶನ್ನಿನಲ್ಲಿ ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. ತಂತಿ, ಬ್ಯಾಟರಿ, ಕಬ್ಬಿಣ ಹೊತ್ತುಕೊಂಡು ರೈಲು ಹತ್ತಿದ ಹರೆಯದವನನ್ನು ಯಾರ ಕಡೆಯ ಗೂಢಚಾರ ಎಂದುಕೊಳ್ಳುತ್ತಾರೋ ಎಂಬ ಹೆದರಿಕೆ. ಸೆಟ್ಟನ್ನು ಅಂಗಡಿಗೇ ತನ್ನಿ, ಎಂಟು ದಿನದಲ್ಲಿ ಕೊಡುತ್ತೇನೆ ಎಂದು ಬರೆದೆ.

ತಂದರು. ಕೌದಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಭಾಲ್ಕಿಯಿಂದ ರೈಲಿನಲ್ಲಿ ಬಂದಿದ್ದರು. ಮಳೆಗೆ ಷೇರ್ವಾನಿ ತೊಯ್ದಿತ್ತು, ಕೌದಿ ತೊಯ್ದಿರಲಿಲ್ಲ.

“ನಿಮ್ಮ ಚಾಚಿ ಒಲ್ಲೆ ಅಂದಳಪ್ಪ. ಮನಿ ದಾಟಿಸಬ್ಯಾಡ್ರಿ, ಶಿವಲಿಂಗನ್ನೇ ಕರಸ್ರಿ ಅಂತ ಒಂದೇ ಹಟ,” ಎಂದು ನಕ್ಕರು. “ನಾ ಹೇಳ್ದೆ, ಅವ ನಮ್ಮ ಹುಡುಗ, ಅವನ ಅಂಗಡಿ ಅಂದ್ರ ನಮ್ಮ ಮನಿ ಇದ್ದಂಗ.”

“ಎಂಟು ದಿನರಿ ಮಾಸ್ತರ್. ನಾನೇ ಬಂದು ಕೊಡ್ತೇನಿ.”

“ಓಣಿ ಮಂದಿ ದಿನಾ ಕೇಳ್ತಾರ. ಒಬ್ಬ ಒಂದು ಹೇಳ್ತಾನ, ಇನ್ನೊಬ್ಬ ಒಂದು ಹೇಳ್ತಾನ. ಖರೇ ಏನು ಅಂತ ತಿಳೀಲಿಕ್ಕೆ ನಮಗ ಇದೊಂದೇ.”

ಅವರು ಹೋದ ಮೇಲೆ ಬಿಚ್ಚಿದೆ. ದೊಡ್ಡ ರೋಗವೇನೂ ಇರಲಿಲ್ಲ. ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ಮರುದಿನ ಮುಂಜಾನೆ ಚಹಾ ಕುಡಿಯುವುದರೊಳಗೆ ಸೆಟ್ಟು ಹಾಡುತ್ತಿತ್ತು. ಅವತ್ತೇ ಹೊತ್ತುಕೊಂಡು ಹೋಗಿ ಕೊಟ್ಟುಬಿಟ್ಟಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಎಂಟು ದಿನ ಹೇಳಿದ್ದೇನಲ್ಲ ಎಂದು ಕುಳಿತೆ.

ಮೂರನೆಯ ದಿನ ಔರಾದದಿಂದ ಬಸಣ್ಣ ಸಾಹುಕಾರರ ಆಳು ಬಂದ. ಸಾಹುಕಾರರು ಬೇಳೆ ಕಾಳಿನ ದೊಡ್ಡ ವ್ಯಾಪಾರಸ್ತರು, ನಮ್ಮ ಕುಲದವರೇ. ಅವರ ಮಗಳು ಶಾಂತಾಬಾಯಿಯನ್ನು ನನಗೆ ತಂದುಕೊಳ್ಳುವ ಮಾತು ಅಣ್ಣನ ಕಡೆಯಿಂದ ನಡೆದಿತ್ತು, ಅವರು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ರಿಪೇರಿ ಮಾಡುವವನಿಗೆ ಹೆಣ್ಣು ಕೊಡುವುದೆಂದರೆ ಯಾರಿಗಾದರೂ ಎರಡು ಮನಸ್ಸು. ಈಗ ಅವರ ಸೆಟ್ಟು ಕೆಟ್ಟಿತ್ತು.

“ಮನಿಗೇ ಬಂದು ಮಾಡಬೇಕಂತ. ನಮ್ಮ ಸೆಟ್ಟು ಹೊಸ್ತಿಲಾ ದಾಟಂಗಿಲ್ಲ ಅಂದಾರ,” ಎಂದ ಆಳು. ರೋಗದ ಲಕ್ಷಣ ಕೇಳಿದೆ. ವಾಲ್ವು ಸುಟ್ಟಿತ್ತು. ಮಾಸ್ತರರ ಸೆಟ್ಟಿನಲ್ಲಿ ಇದ್ದ ಜಾತಿಯದೇ.

ಬೀದರವೆಲ್ಲ ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಮಧ್ಯಾಹ್ನ ಅಂಗಡಿಗೆ ಬಂದು ಕುಳಿತೆ. ಎದುರಿಗೆ ಮಾಸ್ತರರ ಸೆಟ್ಟು. ಬೆನ್ನು ಬಿಚ್ಚಿಯೇ ಇತ್ತು. ಒಳಗೆ ನಾಲ್ಕನೆಯ ವಾಲ್ವು.

ಕದಿಯುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ. ಎಂಟು ದಿನದಲ್ಲಿ ಉಸ್ತಾದರು ಹೈದರಾಬಾದಿನಿಂದ ಒಂದು ಕಳಿಸುತ್ತಾರೆ, ಇದರ ಜಾಗದಲ್ಲಿ ಅದನ್ನು ಕೂರಿಸಿದರಾಯಿತು, ಯಾರಿಗೆ ಏನು ನಷ್ಟ? ಅಂಗಡಿಯ ಗುಣವೇ ಅದು. ಅಲ್ಲಿ ಹೆಗಲ ಮೇಲೆ ಬೇರೆ ತಲೆ ಇರುವುದಿಲ್ಲ. ಇರುವ ಒಂದೇ ತಲೆ ಎಲ್ಲದಕ್ಕೂ ಒಪ್ಪಿಕೊಳ್ಳುತ್ತದೆ. ಎರಡು ಬೆರಳಲ್ಲಿ ಎಳೆದೆ, ಬಂತು. ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಇಟ್ಟುಕೊಂಡೆ. ಭಾಲ್ಕಿಗೆ ಹೋಗುವುದಕ್ಕೆ ಇದ್ದ ಹೆದರಿಕೆ ಔರಾದಕ್ಕೆ ಹೊರಟಾಗ ಎಲ್ಲಿ ಹೋಗಿತ್ತೋ, ನನ್ನನ್ನು ಯಾರಾದರೂ ಕೇಳಬೇಕಿತ್ತು.

ಸಾಹುಕಾರರು ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತರು. ನಾನು ಒಂದೊಂದು ತಿರುಪು ಬಿಚ್ಚಿದಾಗಲೂ ಅದನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ಲೆಕ್ಕ ಹಿಡಿದರು. ಸುಟ್ಟ ವಾಲ್ವು ತೆಗೆದು ಪದ್ಧತಿಯಂತೆ ಅವರ ಕೈಗೆ ಕೊಟ್ಟೆ. ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

“ನೋಡ್ರಪಾ, ಇದಕ್ಕಂತಾರ ಪ್ರಾಮಾಣಿಕ. ಅಂಗಡ್ಯಾಗ ಬಿಟ್ಟಿದ್ರ ಏನೇನು ಮಾಡ್ತಿದ್ರೋ,” ಎಂದು ಮನೆಮಂದಿಗೆಲ್ಲ ಹೇಳಿದರು.

ನಾನು ತಲೆ ತಗ್ಗಿಸಿ ನಕ್ಕೆ. ನನ್ನನ್ನು ನಂಬದೆ ಕಾವಲು ಕುಳಿತವರಿಗೆ ಉಸ್ತಾದರು ಮೆಚ್ಚುವಂಥ ಕೆಲಸ ಮಾಡಿ ಕೊಟ್ಟೆ. ನಂಬಿ ಬಿಟ್ಟು ಹೋದವರಿಗೆ ಮೋಸ ಮಾಡಿದೆ. ಮಾಸ್ತರರ ಚೀಟಿ ವಾಲ್ವಿನ ಬುಡದಲ್ಲಿ ಹಾಗೇ ಇತ್ತು. ಕೆರೆದು ತೆಗೆಯಬೇಕೆಂದು ಉಗುರು ಹಚ್ಚಿದ್ದೆ, ಅವರ ಅಕ್ಷರ ನೋಡಿ ಕೈ ಬರಲಿಲ್ಲ. ಅಷ್ಟು ಮರ್ಯಾದೆ ನನ್ನಲ್ಲಿ ಇನ್ನೂ ಉಳಿದಿತ್ತು ಅಂತ ಆಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಉಸ್ತಾದರಿಂದ ವಾಲ್ವು ಬರಲಿಲ್ಲ. ಇಲ್ಲಿಯೂ ಒಂದೂ ಇಲ್ಲ, ತಾಳ್ಮೆ ಇರಲಿ ಎಂಬ ಕಾರ್ಡು ಬಂತು. ಎಂಟು ದಿನ ಹೋಗಿ ಹದಿನೈದಾಯಿತು, ತಿಂಗಳಾಯಿತು. ಮಾಸ್ತರರು ಕೇಳಿದಾಗ ವಾಲ್ವು ಸುಟ್ಟಿದೆ, ಬೇರೆಯದು ಸಿಗುತ್ತಿಲ್ಲ ಎಂದು ಬರೆದೆ. ಅರ್ಧ ನಿಜ ಬರೆಯುವಾಗ ಅಕ್ಷರ ಎಷ್ಟು ದುಂಡಗೆ ಬರುತ್ತವೆ ನೋಡಿ, ನನ್ನ ಉರ್ದು ಅಷ್ಟು ಚೆಂದ ಯಾವತ್ತೂ ಬಿದ್ದಿರಲಿಲ್ಲ. ಈ ದಿನಗಳಲ್ಲಿ ನನ್ನ ಸಲುವಾಗಿ ಓಡಾಡಬೇಡ, ಜೀವ ದೊಡ್ಡದು ಎಂದು ಅವರಿಂದ ಉತ್ತರ ಬಂತು.

ಭಾದ್ರಪದದಲ್ಲಿ ಮತ್ತೆ ಔರಾದಕ್ಕೆ ಹೋದೆ. ಏರಿಯಲ್ ತಂತಿ ಸರಿ ಮಾಡುವ ನೆಪ, ಶಾಂತಾಬಾಯಿಯನ್ನು ನೋಡುವ ಆಸೆ. ಮರುದಿನವೇ ಹಿಂದುಸ್ಥಾನದ ಫೌಜು ಗಡಿ ದಾಟಿದೆ ಎಂಬ ಸುದ್ದಿ ಬಂತು. ದಾರಿಗಳು ಬಂದಾದವು. ಬೀದರದ ಮೇಲೆ ವಿಮಾನ ಹಾರಿದವಂತೆ, ಕೋಟೆಯ ಮೇಲೆ ಬಾಂಬು ಬಿತ್ತಂತೆ, ಬಿದ್ದಿಲ್ಲವಂತೆ. ಸಾಹುಕಾರರ ಪಡಸಾಲೆಯಲ್ಲಿ ಓಣಿಯ ಮಂದಿಯೆಲ್ಲ ರೇಡಿಯೊದ ಸುತ್ತ ಕುಳಿತಿರುತ್ತಿದ್ದರು. ಅವರಿಗೂ ಜೀವದ ಭಯವಿತ್ತು, ಅವರಿಗೂ ಸುದ್ದಿ ಬೇಕಿತ್ತು. ಇದನ್ನು ನಾನು ನನ್ನ ಪರವಾಗಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳಲ್ಲ, ಆದರೆ ಕೆಲಸಕ್ಕೆ ಬಂದಿಲ್ಲ.

ಐದನೆಯ ದಿನ ಸಂಜೆ ಹೈದರಾಬಾದ್ ರೇಡಿಯೊ ಸ್ಟೇಶನ್ನಿನಿಂದ ಸ್ವತಃ ನಿಜಾಮರ ದನಿ ಬಂತು. ಯುದ್ಧ ನಿಂತಿದೆ ಎಂದರು. ಪಡಸಾಲೆಯಲ್ಲಿ ಒಮ್ಮೆಲೇ ಗದ್ದಲ ಎದ್ದಿತು. ಮುದುಕರು ಅತ್ತರು. ಸಾಹುಕಾರರು ಬೆಲ್ಲ ಹಂಚಿದರು. ನನ್ನ ಕೈಗೆ ಬೆಲ್ಲ ಇಡುತ್ತ, “ಈ ಹುಡುಗ ಬಂದು ಮಾಡಿರದಿದ್ರ ಇವತ್ತು ನಮಗ ಏನು ಗೊತ್ತಾಗ್ತಿತ್ತು?” ಎಂದರು. ಅದೇ ನನ್ನ ಮದುವೆಯ ನಿಶ್ಚಯ ಎಂದು ಎಲ್ಲರಿಗೂ ತಿಳಿಯಿತು. ನಾನು ಸೆಟ್ಟಿನ ಹಿಂದೆ ಕುಳಿತಿದ್ದೆ. ಒಳಗೆ ಸಣ್ಣ ಕೆಂಪು ಬೆಳಕು, ಬುಡದಲ್ಲಿ ಮಾಸ್ತರರ ಕೈಯ ನಾಲ್ಕು. ಭಾಲ್ಕಿಗೂ ಸುದ್ದಿ ಹೇಗೋ ಮುಟ್ಟಿರುತ್ತದೆ ಅಂದುಕೊಂಡು ಬೆಲ್ಲ ಬಾಯಿಗೆ ಹಾಕಿಕೊಂಡೆ.

ದಾರಿ ಬಿಟ್ಟ ಮೇಲೆ ಬೀದರಕ್ಕೆ ಬಂದೆ. ಅಂಗಡಿಯ ಬೀಗ ಹಾಗೇ ಇತ್ತು. ಬಾಗಿಲ ಸಂದಿಯಿಂದ ಯಾರೋ ಒಳಗೆ ತಳ್ಳಿದ ಒಂದು ಕಾರ್ಡು ಬಿದ್ದಿತ್ತು. ಯುದ್ಧಕ್ಕೆ ಮುಂಚೆ ಬರೆದದ್ದು. ವಾಲ್ವು ಸಿಗದಿದ್ದರೆ ಚಿಂತೆ ಇಲ್ಲ, ಸೆಟ್ಟನ್ನು ಇದ್ದ ಹಾಗೇ ತಂದುಬಿಡು, ಮುಂಚಿನಂತೆ ಮನೆಯಲ್ಲೇ ಕುಳಿತು ನೋಡು, ನಿನ್ನ ಚಾಚಿ ಕಿವಿ ಕೊಟ್ಟರೆ ಏನಾದರೂ ದಾರಿ ಸಿಕ್ಕೀತು ಎಂದಿತ್ತು.

ಓದಿ ಮಡಚುತ್ತಿದ್ದೆ. ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಭಾಲ್ಕಿಯ ಗಾಣದ ಕಲ್ಲಪ್ಪ, ಮಾಸ್ತರರ ಪಕ್ಕದ ಮನೆಯವರು. ಕಾಲಿಗೆ ಕೆಸರು, ಬಾಯಿ ಒಣಗಿತ್ತು. ಒಳಗೆ ಬರಲಿಲ್ಲ, ಅಲ್ಲಿಂದಲೇ ಅಂಗಡಿಯ ಮೂಲೆ ಮೂಲೆ ನೋಡಿದರು.

“ಮಾಸ್ತರು ಇಲ್ಲಿಗೆ ಬಂದಾರೇನ್ರಿ?”

“ಇಲ್ಲಲ್ರಿ. ಯಾಕ?”

“ಯೂಸುಫ್?”

“ಯಾರೂ ಬಂದಿಲ್ರಿ ಕಲ್ಲಪ್ಪಣ್ಣ.”

ಅವರು ಕಟ್ಟೆಯ ಮೇಲೆ ಕುಸಿದು ಕುಳಿತರು. ಆಮೇಲೆ ಹೇಳಿದರು. ಯುದ್ಧ ಮುಗಿದ ಮರುದಿನ ಮುಂಜಾನೆ. ಮುಗಿದಿದೆ ಎಂದು ಅವರ ಓಣಿಗೆ ಗೊತ್ತಿಲ್ಲ. ಭಾಲ್ಕಿಯಲ್ಲೇ ದೊಡ್ಡ ಲಡಾಯಿ ಆಗುತ್ತದೆ, ಊರಿಗೆ ಬೆಂಕಿ ಬೀಳುತ್ತದೆ ಎಂದು ಒಬ್ಬ, ಬೀದರ ಕೋಟೆಯಲ್ಲಿ ನಿಜಾಮರ ಫೌಜಿದೆ, ಅಲ್ಲಿ ಹೋದವರು ಉಳಿಯುತ್ತಾರೆ ಎಂದು ಇನ್ನೊಬ್ಬ.

“ನಾ ಕೈ ಮುಗ್ದು ಹೇಳ್ದೆರಿ. ಮಾಸ್ತರ್, ನನ್ನ ಗಾಣದ ಮನ್ಯಾಗ ಇರ್ರಿ, ನನ್ನ ದಾಟಿ ಯಾವ ಬರ್ತಾನ ನೋಡ್ತೇನಿ ಅಂತ. ಅವ್ರಿಗೂ ಮನಸ್ಸಿತ್ತು. ರೇಡಿಯೊ ಇದ್ದಿದ್ರ ಕೇಳಿ ಕೂಡ್ತಿದ್ವಿ ಕಲ್ಲಪ್ಪ, ಈಗ ಯಾರ ಮಾತು ನಂಬೋದು ಅಂದ್ರು. ಆಮ್ಯಾಲ, ಬೀದರಕ್ಕ ಹೋಗ್ತೇವಿ, ಶಿವಲಿಂಗನ ಅಂಗಡಿ ಅದ, ಅಲ್ಲಿ ಖರೇ ಸುದ್ದಿ ಸಿಗ್ತದ, ಕೇಳಿ ತಿರುಗಿ ಬರ್ತೇವಿ ಅಂದ್ರು.”

ಗಾಡಿ ಕಟ್ಟಿಕೊಂಡು ಮೂವರೂ ಹೊರಟಿದ್ದರು. ಅರ್ಧ ದಾರಿಯಲ್ಲಿ ಗುಂಪೊಂದು ನಿಲ್ಲಿಸಿತು. ಚಾಚಿಗೆ ತಿರುಗಿ ಹೋಗು ಎಂದರು. ಅಪ್ಪ ಮಗ ಇಬ್ಬರನ್ನೂ ತೊಗರಿಯ ಹೊಲದೊಳಗೆ ಕರೆದುಕೊಂಡು ಹೋದರು. ಚಾಚಿ ಒಬ್ಬರೇ ನಡೆದು ಕಲ್ಲಪ್ಪನವರ ಬಾಗಿಲಿಗೆ ಬಂದು ಮುಟ್ಟಿದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಓಡಿ ತಪ್ಪಿಸಿಕೊಂಡಿದ್ದರೆ ಬೀದರಕ್ಕೇ ಹೋಗಿರುತ್ತಾರೆ, ಶಿವಲಿಂಗನ ಅಂಗಡಿಯಲ್ಲಿ ನೋಡಿ ಬಾ ಎಂದು ಕಳಿಸಿದ್ದರು. ಅದಕ್ಕೇ ಕಲ್ಲಪ್ಪ ಬಂದಿದ್ದು.

ಆ ಗುಂಪಿನವರು ಯಾರು? ಪರದೇಶದಿಂದ ಬಂದವರಲ್ಲ. ಅದೇ ದಾರಿಗಳಲ್ಲಿ ಒಂದು ವರ್ಷದಿಂದ ಒಂದು ಕಡೆಯವರು ಮಾಡಿದ್ದನ್ನು ಆ ವಾರ ಇನ್ನೊಂದು ಕಡೆಯವರು ಮಾಡಿದರು. ಎರಡೂ ಸಲ ಸತ್ತವರು ಅದನ್ನು ಮಾಡಿದವರಲ್ಲ. ಇದಕ್ಕಿಂತ ಹೆಚ್ಚು ನನಗೆ ಬರೆಯಲಾಗುವುದಿಲ್ಲ. ಮಾಸ್ತರರು, ಯೂಸುಫ್ ಬರಲಿಲ್ಲ. ಎಷ್ಟೋ ದಿನ ಅಂಗಡಿಯ ಬಾಗಿಲಲ್ಲಿ ನೆರಳು ಬಿದ್ದರೆ ನಾನು ಏಳುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಸಾಮಾನು ಬರತೊಡಗಿತು. ಉಸ್ತಾದರಿಂದ ವಾಲ್ವು ಬಂತು. ಒಂದಲ್ಲ, ನಾಲ್ಕು. ಬೇಕಾದಾಗ ಒಂದಿಲ್ಲ, ಬೇಡವಾದಾಗ ನಾಲ್ಕು. ಅದೇ ಕೌದಿಯಲ್ಲಿ ಸೆಟ್ಟು ಸುತ್ತಿಕೊಂಡು, ಜೇಬಿನಲ್ಲಿ ವಾಲ್ವು ಇಟ್ಟುಕೊಂಡು ಭಾಲ್ಕಿಗೆ ಹೋದೆ. ಕಾರ್ಡಿನಲ್ಲಿ ಬರೆದಿದ್ದರಲ್ಲ, ಮನೆಯಲ್ಲೇ ಕುಳಿತು ನೋಡು ಎಂದು.

ಪರದೆ ಅದೇ ಇತ್ತು. ಕಲ್ಲಪ್ಪ ಬಾಗಿಲ ಹತ್ತಿರ ಕುಳಿತರು. ನಾನು ಸೆಟ್ಟು ಇಟ್ಟು, ಬೆನ್ನು ಬಿಚ್ಚಿ, ಹೊಸ ವಾಲ್ವು ಕೂರಿಸಿ, ಬ್ಯಾಟರಿ ಕೂಡಿಸಿದೆ. ದನಿ ಬಂತು. ಯಾರೋ ಹೆಣ್ಣುಮಗಳು ಹಾಡುತ್ತಿದ್ದಳು. ಆ ಹಾಡು ಮುಗಿಯಿತು.

“ಇದು ಹಳೀ ದನಿ ಅಲ್ಲ,” ಎಂದರು ಚಾಚಿ. “ವಾಲ್ವು ಬ್ಯಾರೇದು ಹಾಕೀದಿ.”

“ಹೌದ್ರಿ ಚಾಚಿ. ಹಳೇದು ಸುಟ್ಟಿತ್ರಿ.”

“ಸುಟ್ಟಿತ್ತು?”

“ಸುಟ್ಟಿತ್ರಿ.”

ಪರದೆಯ ಕೆಳಗಿನಿಂದ ಕೈ ಬಂತು. ಅಂಗೈ ಮೇಲಾಗಿ. ಬಳೆ ಇರಲಿಲ್ಲ.

“ಕೊಡು ಹಂಗಾದ್ರ. ಮಾಸ್ತರು ಬರೆದ ಅಂಕಿ ಅದರ ಮ್ಯಾಲ ಅದ. ಡಬ್ಬಿಯೊಳಗ ಇಡ್ತೇನಿ.”

ಏನು ಕೊಡಲಿ? ಸುಟ್ಟ ವಾಲ್ವು ಅಂಗಡಿಯಲ್ಲಿ ಬೇಕಾದಷ್ಟಿದ್ದವು, ಮಾಸ್ತರರ ಕೈಯ ನಾಲ್ಕು ಇದ್ದದ್ದು ಒಂದೇ. ಅದು ಸುಟ್ಟಿರಲಿಲ್ಲ, ಔರಾದದಲ್ಲಿ ನನಗೆ ಮಾವನಾಗಲಿದ್ದ ಸಾಹುಕಾರರ ಪಡಸಾಲೆಯಲ್ಲಿ ಉರಿಯುತ್ತಿತ್ತು. ಆಗಲೂ ಬಾಯಿ ಬಿಡಬಹುದಿತ್ತು. ಕಲ್ಲಪ್ಪನವರ ಮುಂದೆ, ಆ ಕೈಯ ಮುಂದೆ, ನಾನು ಹೀಗೆ ಮಾಡಿದೆ ಚಾಚಿ ಎನ್ನಬಹುದಿತ್ತು.

“ಅಂಗಡ್ಯಾಗ ಬಿಟ್ಟು ಬಂದೇನ್ರಿ,” ಎಂದೆ.

ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಮನೆಗೆ ಬಂದು ಮಾಡಿದ ನಾನು ಸುಟ್ಟದ್ದನ್ನು ಕೊಡದೆ ಎದ್ದದ್ದು ಯಾವತ್ತೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಕಿವಿಗೆ ನನ್ನ ದನಿಯ ದೋಷ ಹಿಡಿಯುವುದು ಕಷ್ಟವೇ? ಕೈ ಹಿಂದಕ್ಕೆ ಹೋಯಿತು.

“ಗಾಡ್ಯಾಗ ಯೂಸುಫ್ ನಿನ್ನ ಬೈಲಾಕ ಹತ್ತಿದ್ದ. ಎಂಟು ದಿನ ಅಂತ ಹೇಳಿ ತಿಂಗಳ ಮ್ಯಾಲ ಮಾಡ್ದ ಅಂತ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. “ಮಾಸ್ತರು ಅವನ್ನ ಸುಮ್ಮನ ಮಾಡಿದ್ರು. ಶಿವಲಿಂಗಗ ವಾಲ್ವು ಸಿಕ್ಕಿಲ್ಲ ಬೇಟಾ, ಸಿಕ್ಕಿದ್ರ ಅವ ಒಂದು ದಿನಾನೂ ಇಟ್ಕೋತಿದ್ದಿಲ್ಲ ಅಂದ್ರು.”

ಆಮೇಲೆ, “ಬಂದ್ ಮಾಡಪ್ಪ ಅದನ್ನ,” ಎಂದರು. ರೇಡಿಯೊ ಬಂದ್ ಮಾಡಿ ಎದ್ದು ಬಂದೆ.

ಮರುವರ್ಷ ಮದುವೆಯಾಯಿತು. ಶಾಂತಾಬಾಯಿ ಒಳ್ಳೆಯ ಹೆಂಡತಿ, ಮೂವತ್ತೆಂಟು ವರ್ಷ ಬಾಳಿದೆವು. ಈ ಸಂಗತಿ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ನಮ್ಮ ಸಂಸಾರ ಯಾವ ವಾಲ್ವಿನ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಪ್ರತಿ ಹಬ್ಬಕ್ಕೂ ಔರಾದಕ್ಕೆ ಹೋದಾಗ ಸೆಟ್ಟಿನ ಹಿಂದೆ ಬಗ್ಗಿ ನೋಡುತ್ತಿದ್ದೆ. ಅಳಿಯಂದಿರಿಗೆ ಕಸುಬಿನ ಚಟ ಎಂದು ಮನೆಮಂದಿ ನಗುತ್ತಿದ್ದರು. ನಾನು ಅದು ಸುಡುವುದನ್ನು ಕಾಯುತ್ತಿದ್ದೆ. ಸುಟ್ಟರೆ ಒಯ್ದು ಚಾಚಿಯ ಕೈಗೆ ಕೊಡಬಹುದು, ಅಂಗಡಿಯಲ್ಲಿ ಈಗ ಸಿಕ್ಕಿತು ಎನ್ನಬಹುದು. ಅಷ್ಟು ಗಟ್ಟಿಯಾದ ವಾಲ್ವನ್ನು ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ. ಹನ್ನೊಂದು ವರ್ಷ ಉರಿಯಿತು.

ಅದು ಸುಟ್ಟ ವಾರವೇ ಜೇಬಿನಲ್ಲಿ ಇಟ್ಟುಕೊಂಡು ಭಾಲ್ಕಿಗೆ ಹೋದೆ. ಚಾಚಿಯ ಮನೆಯಲ್ಲಿ ಬೇರೆಯವರಿದ್ದರು. ಹಿಂದಿನ ವರ್ಷವೇ ಹೈದರಾಬಾದಿನ ತಮ್ಮನ ಮನೆಗೆ ಹೋಗಿ, ಅಲ್ಲೇ ತೀರಿಕೊಂಡರು ಎಂದರು ಕಲ್ಲಪ್ಪ. ಒಳಗೆ ಹೋಗಿ ಬಿಸ್ಕೀಟಿನ ಡಬ್ಬಿ ತಂದರು.

“ಹೋಗೋ ದಿನ ಕೊಟ್ಟು ಹೋಗ್ಯಾರ. ಶಿವಲಿಂಗ ಬಂದೇ ಬರ್ತಾನ, ಬಂದ್ರ ಕೊಡು ಅಂದ್ರು.”

ಹತ್ತಿಯ ಮೇಲೆ ಮೂರು ವಾಲ್ವುಗಳಿದ್ದವು. ಪಕ್ಕದಲ್ಲಿ ಒಂದು ವಾಲ್ವಿನಷ್ಟು ಹತ್ತಿಯನ್ನು ಬೆರಳಿನಿಂದ ಒತ್ತಿ ಜಾಗ ಮಾಡಿದ್ದರು.

ಮೊನ್ನೆ ಟಿವಿಯ ದನಿ ಬಂತು. ಮೆಕ್ಯಾನಿಕ್ ಒಂದು ತಾಸಿನಲ್ಲಿ ಮುಗಿಸಿ ಕೈ ಒರೆಸಿಕೊಂಡರು. ಸುಟ್ಟ ಪಾರ್ಟು ಕೊಡಪ್ಪ ಎಂದು ಕೈ ಚಾಚಿದೆ.

“ಇದನ್ನ ಏನು ಮಾಡ್ತೀರಿ ಕಾಕಾ? ಕಸದಾಗ ಒಗೀಬೇಕು ನೋಡ್ರಿ,” ಎನ್ನುತ್ತಲೇ ಅಂಗೈ ಮೇಲೆ ಇಟ್ಟರು. ಶೇಂಗಾ ಬೀಜದಷ್ಟು ಸಣ್ಣದು, ಇನ್ನೂ ಬೆಚ್ಚಗಿತ್ತು. ಅವರು ಹೋದ ಮೇಲೂ ಅಂಗೈ ಮುಚ್ಚಲಾಗಲಿಲ್ಲ. ಸೊಸೆ ಬಂದು, ಯಾಕ ಮಾಮಾ, ಕೈ ನೋಯ್ತದೇನು ಎಂದು ಕೇಳಿದಳು. ಚಾಚಿ ನನ್ನನ್ನು ಬೈಯಲಿಲ್ಲ, ಶಾಪ ಹಾಕಲಿಲ್ಲ, ಗಂಡನನ್ನು ಮಗನನ್ನು ಕೇಳಲಿಲ್ಲ. ಕೇಳಿದ್ದು ಒಂದು ಸುಟ್ಟ ವಾಲ್ವು, ಅದನ್ನೂ ನಾನು ಕೊಡಲಿಲ್ಲ.